ನಮ್ಮ ಬುಗರಿ ಮತ್ತು ಸವಣೂರಿನ ದೀಪ

ನಗಾಕ ನಾವೇನು ಎಲ್ಲೂ ಹೋಗಬೇಕಾಗಿರಲಿಲ್ರಿ. ಮನ್ಯಾಗ ಅಂಥಾದೊಂದು ಕೂಸಿತ್ತು, ಅಂಥಾಕಿ ಒಬ್ಬಾಕಿ ಅತ್ತಿ ಇದ್ದಳು. ಮುಂಜಾನೆದ್ದು ಬಾಗಲಾ ತೆಗದ್ರ ಸಾಕು, ಒಂದಿಲ್ಲೊಂದು ಫಜೀತಿ ಹೊಸ್ತಿಲದಾಗ ಕುಂತಿರ್ತಿತ್ತು.

ಇದು ಎಂಬತ್ತರ ದಶಕ ಮುಗಿಯೂ ಹೊತ್ತಿನ ಮಾತು. ನಾವಿದ್ದದ್ದು ಅಕ್ಕಿಆಲೂರಾಗ. ನಮ್ಮ ಮನಿಯವರು ಅಕ್ಕಿ ಗಿರಣ್ಯಾಗ ಕೆಲಸಕ್ಕಿದ್ರು, ನಾನು ಮನ್ಯಾಗ ಹೊಲಿಗಿ ಮಷಿನ್ ಇಟಗೊಂಡಿದ್ದೆ. ಮಗಳು ಒಬ್ಬಾಕಿನ. ತೊಟ್ಲದಾಗ ಇಟ್ಟ ಹೆಸರು ಬ್ಯಾರೇ, ಓಣಿ ಮಂದಿ ಕರೀತಿದ್ದದ್ದು ಬುಗರಿ ಅಂತ. ಯಾಕಂದ್ರ ಆಕಿ ಕುಂತದ್ದನ್ನ ಯಾರೂ ಕಂಡಿರಲಿಲ್ಲ. ಉಣ್ಣೂ ಮುಂದೂ ಓಡಾಟ, ನಿದ್ದ್ಯಾಗೂ ಕಾಲು ಝಾಡಸ್ತಿದ್ದಳು.

ಸಾಲಿ ಗಂಟಿ

ಒಂದನೇತ್ತಾಕ್ಕ ಹೆಸರು ಹಚ್ಚಸೂಣು ಅಂತ ಬುಗರೀನ್ನ ಸಾಲಿಗೆ ಕರಕೊಂಡು ಹೋದೆ. ಹೊಸಾ ಲಂಗ, ಎರಡು ಜಡಿ. ಹೆಡ್ ಮಾಸ್ತರು ಕನ್ನಡಕ ಏರಿಸಿ, "ಬಾ ತಂಗಿ, ಕುಂದರು" ಅಂದ್ರು. ಅವರು "ರು" ಅನ್ನೂದ್ರಾಗ ಬುಗರಿ ಖೋಲ್ಯಾಗ ಇರಲಿಲ್ಲ.

ಎಲ್ಲಿ ಹೋದ್ಳಪಾ ಅಂತ ನಾನು ಹುಡುಕೂದ್ರಾಗ ಪಡಸಾಲ್ಯಾಗ ಢಣ ಢಣ ಢಣ ಅಂತ ಗಂಟಿ! ನಮ್ಮ ಬುಗರಿ ಸಾಲಿ ಸಿಪಾಯಿಯ ಸ್ಟೂಲ್ ಮ್ಯಾಲ ಹತ್ತಿ ಹೊಡೀಲಿಕತ್ತಾಳ. ಸಾಲಿ ಬಿಡ್ತು ಅಂದ್ಕೊಂಡು ಒಂದನೇತ್ತಾದಿಂದ ಏಳನೇತ್ತಾದ ತನಕ ಇದ್ದಬದ್ದ ಹುಡುಗರೆಲ್ಲಾ ಪಾಟಿಚೀಲಾ ಹೆಗಲಿಗೆ ಹಾಕ್ಕೊಂಡು ಹೋ ಅಂತ ಓಡಿದ್ವು. ಮಾಸ್ತರು ಬೆನ್ನಹತ್ತಿದ್ರು. ಮುಂಜಾನಿ ಪ್ರಾರ್ಥನಾ ಮುಗದು ಇನ್ನೂ ಹಾಜರಿ ಆಗಿರಲಿಲ್ರಿ.

ತಿರುಗಿ ಬಂದ ಹೆಡ್ ಮಾಸ್ತರು ತೇಕತಾ ತೇಕತಾ ಅಂದ್ರು: "ನೋಡವ್ವಾ, ಕುಂದ್ರಾಕ ಬರೂ ಹುಡುಗರಿಗೆ ನಾ ಅಕ್ಷರ ಕಲಸ್ತೇನಿ. ಕುಂದ್ರೂದನ್ನ ಕಲಸೂದು ನನ್ನ ಕೈಲಾಗೂದಿಲ್ಲ. ಮುಂದಿನ ವರ್ಷ ಕರಕೊಂಡು ಬಾ. ಆಗೂ ಹಿಂಗ ಆದ್ರ, ಹೆಸರು ಹಚ್ಚಂಗಿಲ್ಲ ನೋಡು."

ಹಿರೇಕೆರೂರಿನ ತವರಮನ್ಯಾಗ ನನಗ ನಾಲ್ಕನೇತ್ತಾಕ್ಕ ಸಾಲಿ ಬಿಡಿಸಿದ್ರು. ಮಗಳಾದ್ರೂ ಓದಬೇಕು ಅನ್ನೂದೊಂದ ನನ್ನ ಹಟ. ದಾರಿಯುದ್ದಕ್ಕೂ ಸೆರಗಿಲೆ ಕಣ್ಣು ಒರಸಕೋತ ಬಂದೆ. ಬುಗರಿ ಮಾತ್ರ ಜಿಗದಾಡಕೋತ, "ಅವ್ವಾ, ಸಾಲಿ ಭಾಳ ಚಲೋ ಐತಿ. ಹೋದಕೂಡ್ಲೆ ಬಿಡ್ತೈತಿ!" ಅಂದ್ಳು.

ಎಣ್ಣಿ

ಜಂಪರ್ ಹೊಲಸಾಕ ಬರ್ತಿದ್ದ ಒಬ್ಬ ನರ್ಸಬಾಯಿ ನನ್ನ ಗೋಳು ಕೇಳಿ ಒಂದು ದಾರಿ ತೋರಿಸಿದ್ಲು. ಸವಣೂರಾಗ ಒಬ್ಬರು ಡಾಕ್ಟರು ಪರದೇಶದಾಗ ಕಲ್ತು ಬಂದಾರ, ಅವರ ಕಡೆ ಒಂದು ಮಷಿನ್ ಐತಿ. ತಲಿಗೆ ಎರಡು ವೈರ್ ಅಂಟಸ್ತಾರ, ಕಿವಿಗೊಂದು ಕ್ಲಿಪ್ ಹಾಕ್ತಾರ. ಮನಸ್ಸು ಒಂದ ಕಡೆ ನಿಂತ್ರ ಪೆಟಿಗಿ ಮ್ಯಾಲಿನ ದೀಪ ಹತ್ತತೈತಿ, ಓಡ್ಯಾಡಿದ್ರ ಆರತೈತಿ. ಆ ದೀಪ ನೋಡಕೋತ ನೋಡಕೋತ ಮಿದುಳು ತಾನ ನಿಲ್ಲೂದು ಕಲೀತೈತಿ. ಗುಳಿಗಿ ಇಲ್ಲ, ಸೂಜಿ ಇಲ್ಲ.

"ಕೂಸಿಗೆ ಕರೆಂಟ್ ಕೊಡಸ್ತಾಳಂತ" ಅಂತ ಓಣ್ಯಾಗ ಸುದ್ದಿ ಆತು. ಆಗವಲ್ದ್ಯಾಕ ಅಂತ ನಾ ಹೊಂಟೇಬಿಟ್ಟೆ.

ಹೊರಡೂ ಮುಂದ ನಮ್ಮತ್ತಿ, "ಒಣ ತಲಿ ಕೂಸನ್ನ ದೊಡ್ಡ ಡಾಕ್ಟರ್ ಮುಂದ ಒಯ್ತೀ? ತಾಯಿ ಇಲ್ಲದ ಪರದೇಶಿ ಅಂದ್ಕೊಂಡಾರು" ಅಂತ ಅರ್ಧ ಬಾಟ್ಲಿ ಎಣ್ಣಿ ಸುರವಿ, ಹಣಿ ತನಕ ಇಳಿಯೂಹಂಗ ತಿಕ್ಕಿ ಜಡಿ ಹಾಕಿದ್ಲು. ಹಾನಗಲ್ಲಾಗ ಒಂದು ಬಸ್ ಬದಲಿ, ಬಂಕಾಪುರದಾಗ ಇನ್ನೊಂದು. ಸವಣೂರು ಮುಟ್ಟಿ ಡಾಕ್ಟರು ವೈರ್ ಅಂಟಿಸಿದ್ರ ಅದು ಸರ್ರ್ ಅಂತ ಜಾರಿ ಕೊಳ್ಳಾಗ ಬಂತು. ಮತ್ತ ಅಂಟಿಸಿದ್ರು, ಮತ್ತ ಜಾರಿತು. "ಇದೇನ್ರಿ ಬಾಯಾರ, ತಲಿಯೋ ಮಿರ್ಚಿ ಕರಿಯೂ ಕಡಾಯಿಯೋ? ತೊಳದು ಕರಕೊಂಡು ಬರ್ರಿ" ಅಂತ ವಾಪಸ್ ಕಳಿಸಿದ್ರು.

ಮುಂದಿನ ವಾರ ಸೀಗಿಕಾಯಿ ಹಾಕಿ ತಿಕ್ಕಿ ತಿಕ್ಕಿ ಎರೆದೆ. ಅತ್ತಿಗೆ ಕೈ ಮುಗದು, "ಒಂದು ಹನೀನೂ ಬ್ಯಾಡ್ರಿ" ಅಂದೆ. "ನನಗೇನು ತಿಳಿಯೂದಿಲ್ಲೇನ" ಅಂದು ಆಕಿನೂ ಜತಿಗೆ ಹೊಂಟ್ಲು. ಸವಣೂರಾಗ ನೋಡ್ತೀನಿ, ವೈರ್ ಮತ್ತ ಜಾರಾಕತ್ತಾವ! ನಾನು ಅತ್ತಿ ಮಾರಿ ನೋಡಿದೆ, ಆಕಿ ಗ್ವಾಡಿ ನೋಡಿದ್ಲು. "ಬಸ್ಸಿನ್ಯಾಗ ನಿನಗ ಜೊಂಪು ಹತ್ತಿತ್ತು. ಕೂಸಿನ ನೆತ್ತಿ ಕಾದಿತ್ತು. ಒಂಚೂರು ತಟ್ಟೀನಿ" ಅಂದು ಸಂಚ್ಯಾಗಿಂದ ಬಾಟ್ಲಿ ತೆಗದು ತೋರಿಸಿದ್ಲು.

ಮೂರನೇ ಸಲ ಹೋದಾಗ ಡಾಕ್ಟರು ಬಾಗಲದಾಗ ಅಡ್ಡ ನಿಂತು, "ಮೊದಲ ಅಜ್ಜಿ ಸಂಚಿ ತಪಾಸ ಮಾಡ್ರಿ, ಆಮ್ಯಾಲ ಹುಡುಗಿ ತಲಿ ನೋಡೂಣು" ಅಂದ್ರು.

ಅತ್ತಿ ದೀಪ

ತಲಿ ಒಣಗಿತು, ಈಗ ಬುಗರಿ ಕಿವಿ ಕ್ಲಿಪ್ ಹಾಕಸಗೊಳ್ಳಾಕ ಒಲ್ಲೆ ಅಂತ ಚೀರಾಕತ್ತಳು. ಡಾಕ್ಟರು, "ದೊಡ್ಡವರು ಯಾರಾರ ಕುಂತು ತೋರಸ್ರಿ, ಅಂಜಿಕಿ ಹೋಗ್ತೈತಿ" ಅಂದ್ರು.

ಅವತ್ತು ನಮ್ಮ ಮನಿಯವರೂ ಬಂದಿದ್ರು. ಶರ್ಟಿನ ಕಾಲರ್ ಸರಿ ಮಾಡ್ಕೊಂಡು ಮೊದಲ ಅವರ ಕುಂತ್ರು. ದೀಪ ಹತ್ತಲಿಲ್ಲ. ಕಣ್ಣು ಬಿಗಿ ಮುಚ್ಚಿದ್ರು, ಉಸರು ಹಿಡದ್ರು, ಮಾರಿ ಕೆಂಪಾತು, ದೀಪ ಮಾತ್ರ ಇಲ್ಲ. "ಗಿರಣಿ ಪಟ್ಟಾ ಹರಿಯೂಹಂಗಾಗೇತ್ರಿ, ಅದ ತಲ್ಯಾಗ ತಿರಗಾಕತ್ತೈತಿ" ಅಂತ ಎದ್ರು. ಆಮ್ಯಾಲ ನಾ ಕುಂತೆ. ಬಾಗಲಾ ಹಾಕಿದ್ನೋ ಇಲ್ಲೋ, ಬೆಕ್ಕು ಒಳಗ ಉಳೀತೋ, ಹಾಲಿನ ಮ್ಯಾಲ ಮುಚ್ಚೀನೋ ಇಲ್ಲೋ. ನನ್ನ ದೀಪಾನೂ ಹತ್ತಲಿಲ್ಲ.

ಕಡೀಕ ನಮ್ಮತ್ತಿ ಕುಂತ್ಲು. ಕಣ್ಣು ಮುಚ್ಚಿದ್ಲು ನೋಡ್ರಿ, ಫಕ್ ಅಂತ ಹತ್ತಿದ ದೀಪ ಆರಲೇ ಇಲ್ಲ! ನಿದ್ದಿ ಹತ್ತೇತೇನು ಅಂತ ಡಾಕ್ಟರು ಬಗ್ಗಿ ನೋಡಿದ್ರು. ಇಲ್ಲ, ಬಾಯಾಗ ಎಲಿ ಅಡಿಕಿ ಆಡಾಕತ್ತಿತ್ತು. "ಪರದೇಶದಾಗೂ ಇಂಥಾ ದೀಪ ನೋಡಿಲ್ಲ ನಾನು. ಅಜ್ಜಿ, ಏನು ಧ್ಯಾನ ಮಾಡ್ತೀರಿ?" ಅಂದ್ರು.

"ಏನೂ ಇಲ್ಲಪಾ. ಮನಿ ಚಿಂತಿ ಎಲ್ಲಾ ಸೊಸಿಗೆ ಬಿಟ್ಟೇನಿ" ಅಂದ್ಲು ಅತ್ತಿ.

ಅಜ್ಜಿ ಕುಂತದ್ದು ನೋಡಿ ಬುಗರಿನೂ ಕಿವಿ ಕೊಟ್ಲು. ಕಿವಿಗೆ ಕ್ಲಿಪ್ ಹಾಕಿದ್ರಂದ್ರ ಸುಮ್ನ ಕುಂದ್ರಬೇಕು, ದೀಪ ಹತ್ತಿದ್ರ ಬೆಲ್ಲದ ಚೂರು. ಡಾಕ್ಟರು ಹಚ್ಚಿಕೊಟ್ಟ ಕಾನೂನು ಇಷ್ಟ. ಆದ್ರ ನನಗ ಮನ್ಯಾಗ ಬಾಳೇವು ಕಷ್ಟ ಆತು. ಸಾರಿಗೆ ಉಪ್ಪು ಜಾಸ್ತಿ ಆಗೇತಿ ಅಂತ ಅತ್ತಿ ಅಂದಾಗ ಇಲ್ರಿ ಅಂದೆನೋ, "ದೀಪ ಹತ್ತಿದವರು ಮಾತಾಡಾಕತ್ತೇವಿ, ಹತ್ತಲಾರದವರು ಸುಮ್ನಿರ್ರಿ" ಅಂತಿದ್ಲು.

ಕರೆಂಟ್ ಹೋತು

ತಿಂಗಳುಗಟ್ಲೆ ಅಡ್ಡಾಡಿದ್ವಿ. ಬುಗರಿ ದೀಪ ಮಿಣಕ್ ಅಂದು ಆರೂದು, ಮಿಣಕ್ ಅಂದು ಆರೂದು. ಒಂದಿನ ಮಾತ್ರ ಚಲೋ ಹತ್ತಿ ನಿಂತಿತ್ತು. ನಾ ಉಸರು ಬಿಡಲಾರದ ನೋಡಾಕತ್ತಿದ್ದೆ. ಅಷ್ಟೊತ್ತಿಗೆ ಕರೆಂಟ್ ಹೋತು.

ಫ್ಯಾನ್ ನಿಂತ್ವು, ದೀಪ ಆರಿತು. ಕೂಸು ಏನು ತಿಳಕೊಳ್ತು ಅಂದ್ರ, ತನ್ನ ಮನಸ್ಸು ಓಡೇತಿ, ಅದಕ್ಕ ಆರೇತಿ ಅಂತ. ಕಣ್ಣು ಮಿಟಕಸ್ದಂಗ, ಅಳ್ಳಾಡದಂಗ ಆ ಆರಿದ ದೀಪಾನ್ನ ನೋಡಕೋತ ಕುಂತ್ಲು. ಡಾಕ್ಟರು ನನಗ ಸುಮ್ನಿರ್ರಿ ಅಂತ ಕೈಸನ್ನಿ ಮಾಡಿದ್ರು. ಹೊರಗ ವೀಳ್ಯದೆಲಿ ಮಾರಾವ ಕೂಗಕೋತ ಹೋದ, ಕೂಸು ತಿರುಗಿ ನೋಡಲಿಲ್ಲ. ಡಾಕ್ಟರ ಮನ್ಯಾಗಿಂದ ಚಾ ಬಂತು, ನಾವು ಕುಡದ್ವಿ, ಕೂಸು ಕುಂತ ಐತಿ. ಕಡೀಕೊಮ್ಮೆ ಕರೆಂಟ್ ಬಂತು, ದೀಪ ಭಗ್ ಅಂತು. "ಹತ್ತಿಸಿದೆ!" ಅಂತ ಬುಗರಿ ಜಿಗದಾಡಿದ್ಲು. ನನಗ ಅಳೂನೂ ಬಂತು, ನಗೂನೂ ಬಂತು.

ಡಾಕ್ಟರು ಮಷಿನ್ ಮ್ಯಾಲ ಕೈ ಇಟ್ಟು, "ಇದನ್ನ ತರಾಕ ಸಮುದ್ರ ದಾಟಿ ಹೋಗಿದ್ದೆ ನೋಡ್ರಿ. ನಮ್ಮ ಕರೆಂಟಿನವರು ಊರಾಗ ಕುಂತ ಇಷ್ಟು ಚಲೋ ಕೆಲಸ ಮಾಡ್ತಾರಂತ ಗೊತ್ತ ಇರಲಿಲ್ಲ" ಅಂದ್ರು.

ಮನಿ ಮಷಿನ್

"ಮನ್ಯಾಗೂ ರೂಢಿ ಮಾಡಸ್ರಿ" ಅಂದಿದ್ರು ಡಾಕ್ಟರು. ಮನ್ಯಾಗ ಮಷಿನ್ ಎಲ್ಲಿಂದ ತರೂದು? ದೀಪದ ಬದ್ಲಿ ಕೈಬ್ಯಾಟ್ರಿ ತಗೊಂಡೆ. ಕ್ಲಿಪ್ಪಿನ ಬದ್ಲಿ, "ನಿನ್ನ ಕಿವಿ ನೀನ ಹಿಡಕೊಂಡು ಕುಂದ್ರು, ಆಮ್ಯಾಲ ಕೆಲಸ ಚಾಲೂ" ಅಂದೆ. ಮೊರದಾಗ ಅಕ್ಕಿ ಹಾಕಿ ಹಳ್ಳು ಆರಿಸಾಕ ಹಚ್ಚಿದೆ. ಅದ ಅಕ್ಕ್ಯಾಗ ಬೆರಳಿಲೆ ಅ, ಆ ತಿದ್ದಿಸಿದೆ. ಮನಸ್ಸಿಟ್ಟು ಮಾಡಿದ್ರ ಬ್ಯಾಟ್ರಿ ಹಚ್ಚತಿದ್ದೆ, ಓಡಿದ್ರ ಆರಸ್ತಿದ್ದೆ.

ಕೆಲವು ದಿನಕ್ಕ ಬ್ಯಾಟ್ರಿ ಆಕಿ ಕೈಗೆ ಹೋತು. ಒಂದು ಐತವಾರ ಅಪ್ಪ ಅಜ್ಜಿ ಇಬ್ಬರೂ ಏನೋ ಒಂದಕ್ಕ ಜೋರಾಗಿ ಜಗಳಾ ತಗದ್ರು. ಬುಗರಿ ನಡುವ ನಿಂತು, "ಇಬ್ಬರೂ ಕಿವಿ ಹಿಡಕೊಂಡು ಕುಂದರ್ರಿ. ದೀಪ ಹತ್ತೂ ತನಕ ಯಾರೂ ಏಳಂಗಿಲ್ಲ" ಅಂತ ಗದರಿಸಿದ್ಲು. ಕೂಸಿನ ಮನಸ್ಸು ಮುರೀಬಾರ್ದು ಅಂತ ಇಬ್ಬರೂ ಕುಂತ್ರು.

ಬುಗರಿ ಬ್ಯಾಟ್ರಿ ತರಾಕ ಒಳಗ ಹೋದ ಹೊತ್ತಿಗೆ ಬಾಜೂ ಮನ್ಯಾಕಿ ಹೆಪ್ಪು ಕೇಳಾಕ ಬಂದ್ಲು. ಬಾಗಲದಾಗ ನಿಂತು ನೋಡ್ತಾಳ, ಗಂಡ ಒಂದು ಗ್ವಾಡಿಗೆ, ಅತ್ತಿ ಒಂದು ಗ್ವಾಡಿಗೆ ಕಿವಿ ಹಿಡಕೊಂಡು ಕುಂತಾರ. ನಾನು ನಡುವ ಕತ್ತರಿ ಹಿಡಕೊಂಡು ಅರಿವಿ ಕತ್ತರಸಾಕತ್ತೇನಿ. ಆಕಿ ಹೆಪ್ಪು ಮರತು ಹಂಗ ತಿರುಗಿ ಓಡಿದ್ಲು.

ಮರುದಿನದಿಂದ ನನಗ ಹೊಲಿಗಿ ಭಾಳ ಬಂತ್ರಿ. ಬಂದ ಹೆಂಗಸರೆಲ್ಲಾ ಅಳತಿ ಕೊಟ್ಟಾದ ಮ್ಯಾಲ ಹತ್ತಿರ ಬಂದು, "ಅಕ್ಕಾ, ಗಂಡಗ ಆತು ಬಿಡು. ಅತ್ತಿಗೂ ಹಿಡಿಸಿದೆಲ್ಲ, ಅದನ್ನ ಹೆಂಗ ಮಾಡಿದಿ ಅಷ್ಟ ಹೇಳು" ಅಂತಿದ್ರು.

ಕಿವಿ

ವರ್ಷ ತಿರುಗಿತು. ಮತ್ತ ಸಾಲಿ, ಮತ್ತ ಅದ ಖೋಲಿ, ಅದ ಹೆಡ್ ಮಾಸ್ತರು. ಚೀಲದಾಗ ಬ್ಯಾಟ್ರಿ ಇತ್ತು, ಬೆಲ್ಲ ಇತ್ತು, ಧೈರ್ಯ ಅಷ್ಟ ಇರಲಿಲ್ಲ. ಮಾಸ್ತರು ಬುಗರೀನ್ನ ನೋಡಿದಕೂಡ್ಲೆ ಸಿಪಾಯಿಗೆ, "ಮೊದಲ ಆ ಸ್ಟೂಲ್ ತಗದು ಒಳಗಿಡೋ" ಅಂದ್ರು.

ಆಗಿನ ಕಾಲಕ್ಕ ಹುಟ್ಟಿದ ತಾರೀಖು ಯಾರು ನೆನಪಿಟ್ಟಿರ್ತಿದ್ರು? ತಲಿ ಮ್ಯಾಲಿಂದ ಕೈ ಹಾಕಿದ್ರ ಆ ಕಡೆ ಕಿವಿ ಸಿಗಬೇಕು, ಸಿಕ್ರ ಸಾಲಿ ವಯಸ್ಸು ಆತು ಅಂತ ಲೆಕ್ಕ. "ತಂಗಿ, ಎಲ್ಲಿ ಕಿವಿ ಹಿಡಿ ನೋಡೂಣು" ಅಂದ್ರು ಮಾಸ್ತರು.

ಬುಗರಿ ಕಿವಿ ಹಿಡದ್ಲು. ಹಿಡದದ್ದ ತಡ, ಚಕ್ಕಳಮಕ್ಕಳ ಹಾಕಿ ಧಪ್ ಅಂತ ನೆಲಕ್ಕ ಕುಂತ್ಲು. ಆಕಿ ಪಾಲಿಗೆ ಕಿವಿ ಅಂದ್ರ ಮಷಿನ್ ಚಾಲೂ ಆತು ಅಂತ!

"ಆತು, ಏಳು" ಅಂದ್ರು ಮಾಸ್ತರು. ಏಳಲಿಲ್ಲ. ಚಪ್ಪಾಳಿ ಹೊಡದ್ರು, ಮೇಜು ಬಡದ್ರು, ಹುಡುಗಿ ಕಲ್ಲಾಗಿ ಕುಂತಾಳ. ಮಾಸ್ತರಿಗೆ ನಂಬಿಕಿ ಬರವಲ್ದು. "ಇದು ಖರೇನೋ ಸೋಗೋ ನೋಡೇ ಬಿಡ್ತೇನಿ" ಅಂತ ಸಿಪಾಯಿಗೆ, "ಹೊಡಿ ಗಂಟಿ!" ಅಂದ್ರು.

ಢಣ ಢಣ ಢಣ! ಇಡೀ ಸಾಲಿ ಹೋ ಅಂತ ಬೈಲಿಗೆ ಬಿತ್ತು. ಸಾಲ್ಯಾಗ ಕುಂತಾಕಿ ಅಂದ್ರ ನಮ್ಮ ಬುಗರಿ ಒಬ್ಬಾಕಿನ. ಹೆಡ್ ಮಾಸ್ತರು, "ಏ ನಿಲ್ರೋ, ಸಾಲಿ ಬಿಟ್ಟಿಲ್ರೋ!" ಅಂತ ಬಾಗಲಕ್ಕ ಓಡಿದ್ರು, ಕಿಟಕಿಗೆ ಓಡಿದ್ರು, ಮತ್ತ ಬಾಗಲಕ್ಕ ಓಡಿದ್ರು.

ಬುಗರಿ ಕಿವಿ ಬಿಡಲಾರದ ಕತ್ತೆತ್ತಿ ಅಂದ್ಲು: "ಮಾಸ್ತರ, ನೀವು ಹಿಂಗ ಓಡ್ಯಾಡಿದ್ರ ದೀಪ ಹೆಂಗ ಹತ್ತತೈತಿ? ಕಿವಿ ಹಿಡಕೊಂಡು ಕುಂದರ್ರಿ."

ನಾನು ಭೂಮಿಗಿಳದುಹೋದೆ. ಮುಗೀತು, ಹೆಸರು ಹಚ್ಚಿದಂಗ ಅಂದ್ಕೊಂಡೆ. ಮಾಸ್ತರು ಆಕೀನ್ನ ನೋಡಿದ್ರು, ನನ್ನ ನೋಡಿದ್ರು, ಖಾಲಿ ಸಾಲೀನ್ನ ನೋಡಿದ್ರು. ಏನನಸ್ತೋ ಏನೋ, ಧೋತರ ಸಾವರಿಸಿ ಆಕಿ ಎದುರಿಗೆ ನೆಲದ ಮ್ಯಾಲ ಕುಂತು ಕಿವಿ ಹಿಡಕೊಂಡ್ರು. ನಾನು ಚೀಲದಾಗಿನ ಬ್ಯಾಟ್ರಿ ತಗದು ಹಚ್ಚಿದೆ.

ಮಾಸ್ತರ ಮೀಸಿ ಅಳ್ಳಾಡಾಕತ್ವು. ನಗು ತಡಕೊಳ್ಳಾಕ ಆಗದ, "ಹಚ್ಚತೇನಿ ಏಳವ್ವಾ ಹೆಸರು. ಈ ಸಾಲ್ಯಾಗ ಕುಂದ್ರಾಕ ಬರೂದು ಇಕಿಗೊಬ್ಬಾಕಿಗೆ" ಅಂದ್ರು. ನನ್ನ ಕಣ್ಣೀರು ಹರದು ಸೆರಗು ತೊಯ್ತು. ಅಳಕೋತನ ಬೆಲ್ಲದ ಚೂರು ತಗದು ಮಗಳ ಕೈಗಿಟ್ಟೆ.

ಬುಗರಿ ಬಾಯಿಗೆ ಹಾಕ್ಕೊಳ್ಳಲಿಲ್ಲ. "ಮಾಸ್ತರಿಗೂ ಒಂದು ಕೊಡವ್ವಾ. ಮೊದಲನೇ ಸಲಕ್ಕ ಭಾಳ ಚಲೋ ಕುಂತ್ರು" ಅಂದ್ಲು.