ಅಟ್ಟದ ಮೇಲಿನ ಶುಂಠಿ ಪೆಪ್ಪರಮೆಂಟು

ಲೋಕವು ಯಾವ ಪದಾರ್ಥವನ್ನು ಮಾಡುವುದನ್ನು ನಿಲ್ಲಿಸುತ್ತದೆಯೋ ನಮ್ಮ ಮನೆಯವರ ನಾಲಗೆ ಅದನ್ನೇ ಬಯಸುತ್ತದೆ. ಹುಡುಕುವ ಭಾರ ನನ್ನ ತಲೆಗೇ ಬರುತ್ತದೆ. ಈಚೆಗೆ ಎಂಬತ್ತು ದಾಟಿದ ನಮ್ಮಕ್ಕ ತುರುವೇಕೆರೆಯಿಂದ ಫೋನ್ ಮಾಡಿದಳು.

"ಬರೋ ವಾರ ನನ್ನ ಹಾರ್ಟ್ ಆಪರೇಷನ್ನು ಕಣೋ. ಭಾನುವಾರ ನಿನ್ನ ಮನೆಗೆ ಬತ್ತೀನಿ. ಚಿಕ್ಕೋರಿದ್ದಾಗ ತಿಂತಿದ್ದ ಶುಂಠಿ ಪೆಪ್ಪರಮೆಂಟು ತಂದಿಟ್ಟಿರು."

ಇದು ಆಜ್ಞೆಯೋ ಕೊನೆಯ ಆಸೆಯೋ ತಿಳಿಯದೆ, ಅವಳಿಗಿಂತ ಮೊದಲು ನನ್ನ ಎದೆಯೇ ಕೆಟ್ಟಿತು.

೧. ಪಥ್ಯ

ಮಡದಿಯೊಡನೆ ತಿಪಟೂರಿನ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯಾಕೆ ನಕ್ಕಳು. "ಅದು ನಿಂತು ಎಷ್ಟೋ ಕಾಲ ಆಯ್ತು ಕಣ್ರೀ ಮೇಷ್ಟ್ರೇ. ಶುಗರ್ ಇಲ್ಲದ ಚೂಯಿಂಗ್ ಗಮ್ ಕೊಡ್ಲಾ?"

"ಸಿಹಿಯೇ ಇಲ್ಲದ ಮೇಲೆ ಅಗಿಯುವುದೇಕಮ್ಮ?"

"ನಿಮ್ಮ ವಯಸ್ಸಿನ ಗಂಡಸ್ರಿರೋ ಮನೆ ಹೆಂಗಸ್ರು ಕೊಂಡೋಗ್ತಾರೆ. ಅಗೀತಿರೋಷ್ಟೊತ್ತು ಮಾತಾಡಲ್ವಂತೆ."

ಮಡದಿ ಎರಡು ಪೊಟ್ಟಣ ಕೊಂಡಳು.

೨. ಹದ

ಹುಳಿಯಾರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಹಿಂದೆ ಪೆಟ್ಟಿಗೆ ಅಂಗಡಿ ಇಟ್ಟಿದ್ದುದು ನೆನಪಾಗಿ ಅಲ್ಲಿಗೆ ಧಾವಿಸಿದೆ. ಅಟ್ಟದಲ್ಲಿ ಒಣಗುತ್ತಿದ್ದ ಕಾಯಿಗಳ ನಡುವಿನಿಂದ ಅವರು ತುಕ್ಕು ಹಿಡಿದ ಡಬ್ಬಿಯೊಂದನ್ನು ಇಳಿಸಿದರು. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಗುಡುಗುಡು ಎಂದರೆ ಕೊಬ್ಬರಿಯಾಗಿದೆಯೆಂದು ತಿಳಿಯುವುದು ಈ ಸೀಮೆಯ ರೂಢಿ. ಜೀವಮಾನವಿಡೀ ಅದನ್ನೇ ಮಾಡಿದ ಕೈ ಡಬ್ಬಿಯನ್ನೂ ಅಲ್ಲಾಡಿಸಿತು. ಸದ್ದಿಲ್ಲ.

"ಇನ್ನೂ ಹಸಿ ಐತೆ ಕಣ್ರೀ. ಮತ್ತೆ ಅಟ್ಟಕ್ಕೆ ಹಾಕ್ತೀನಿ ಬುಡಿ. ಯುಗಾದಿ ಕಳೆದ ಮೇಲೆ ಬನ್ನಿ."

"ಅಯ್ಯಾ, ಅದು ಪೆಪ್ಪರಮೆಂಟು!"

"ಏನಾದ್ರೇನು, ಹದಕ್ಕೆ ಬರಬ್ಯಾಡ್ವಾ?"

೩. ಕಾಗೆ ಎಂಜಲು

ಭಾನುವಾರ ಅಕ್ಕ ಬಂದಳು. ವ್ಯಾಪಾರಿಯ ಮಾತನ್ನು ಅವಳಿಗೆ ಹೇಳುತ್ತಲೇ, ಅವರನ್ನು ಕಾಡಿ ಬೇಡಿ ತಂದಿದ್ದ ಡಬ್ಬಿಯ ಮುಚ್ಚಳ ತೆಗೆದೆ. ಪೆಪ್ಪರಮೆಂಟುಗಳೆಲ್ಲ ಕರಗಿ ಒಂದೇ ಉಂಡೆಯಾಗಿ ತಳ ಹಿಡಿದಿದ್ದವು. ಚಾಕುವಿನಿಂದ ಎಬ್ಬಿಸಿದೆ.

"ಅಕ್ಕಾ, ಬಹಳ ಹಳೆಯದು. ಆಪರೇಷನ್ ಬೇರೆ ಮುಂದಿದೆ. ಮೂಸಿ ನೋಡಿದರೆ ಸಾಲದೆ?"

"ಸುಮ್ನಿರೋ, ಹೆದರುಪುಕ್ಕ! ನಾನು ಕಚ್ಚಿ ಅರ್ಧ ಕೊಡದೆ ನೀನು ಯಾವತ್ತು ತಿಂದಿದ್ದೆ?"

ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಎಂಜಲು ತಗುಲದಿರಲೆಂದು ಬಾಲ್ಯದಲ್ಲಿ ಮಾಡುತ್ತಿದ್ದಂತೆಯೇ ಉಂಡೆಗೆ ಸೆರಗು ಸುತ್ತಿ, ಬಲವಾಗಿ ಕಚ್ಚಿ ಎಳೆದಳು. ಉಂಡೆ ಮುರಿಯಲಿಲ್ಲ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟೇ ಕಳಚಿ ಡಬ್ಬಿಯೊಳಗೆ ಬಿತ್ತು.

ಅಕ್ಕ ಗಂಭೀರವಾಗಿ ಮುಚ್ಚಳ ಹಾಕಿ, ಡಬ್ಬಿಯನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಗುಡುಗುಡು.

"ಹಲ್ಲು ಹದಕ್ಕೆ ಬಂತು," ಎಂದು ಬೊಚ್ಚುಬಾಯಲ್ಲಿ ನಕ್ಕು ಎದೆ ತಟ್ಟಿಕೊಂಡಳು. "ಇದಿನ್ನೂ ಹಸಿ ಕಣೋ. ಮತ್ತೆ ಅಟ್ಟಕ್ಕೆ ಹಾಕು ಅಂತ ಡಾಕ್ಟ್ರಿಗೆ ಹೇಳು."