ನಾನು ಕಾವಲು ಕಾಯ್ದ ಗುಡ್ಡ

ನಿವೃತ್ತ ಮೇಷ್ಟ್ರಿಗೆ ತಿದ್ದಲು ಯಾರಾದರೂ ಬೇಕೇ ಬೇಕು. ಮಕ್ಕಳು ಸಿಗದಿದ್ದರೆ ಹೆಂಡತಿ, ಹೆಂಡತಿ ತಿರುಗಿಬಿದ್ದರೆ ಸಮಾಜ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ಮನೆಗೆ ಬಂದ ನಾನು ನಮ್ಮ ಬಡಾವಣೆ ರವೀಂದ್ರನಗರವನ್ನೆಲ್ಲ ತಿದ್ದಿ ಮುಗಿಸಿದ ಮೇಲೆ, ತೀರ್ಥಹಳ್ಳಿಯಾಚೆಯ ಒಂದು ಗುಡ್ಡವನ್ನು ಕೈಗೆತ್ತಿಕೊಂಡೆ. ಬಲು ಕಡಿದಾದ ಗುಡ್ಡ, ಮೈತುಂಬ ಕರ್ಣಕುಂಡಲ ಗಿಡದ ಗುಲಾಬಿ ಬಣ್ಣದ ಹೂ. ಪ್ರತಿವರ್ಷ ಮಳೆ ಹಿಂದೆಗೆಯುವಾಗ ಹೋಗಿ, ಎಷ್ಟು ಮಣ್ಣು ಕೊಚ್ಚಿಹೋಯಿತು, ಯಾವ ಗಿಡ ಉಳಿಯಿತು ಎಂದು ಫೋಟೋ ತೆಗೆದಿಡುವುದು ನನ್ನ ಕೆಲಸ. ಯಾರೂ ಕೊಟ್ಟದ್ದಲ್ಲ, ನಾನೇ ಮೈಮೇಲೆ ಹಾಕಿಕೊಂಡದ್ದು.

ವರ್ಷದಿಂದ ವರ್ಷಕ್ಕೆ ಹೋಲಿಸಬೇಕಾದರೆ ಒಂದೇ ಜಾಗದಿಂದ ತೆಗೆಯಬೇಕು. ಅದಕ್ಕಾಗಿ ಮೇಲಿನ ಬಂಡೆಯೊಂದಕ್ಕೆ ಕೆಂಪು ಬಣ್ಣ ಬಳಿದಿದ್ದೆ. ಅಲ್ಲಿಗೆ ನಾಲ್ಕು ಕಾಲಿನಲ್ಲಿ ಹತ್ತಿ, ಕೆಳಮುಖವಾಗಿ ಫೋಟೋ ತೆಗೆದು, ಅರ್ಧ ದಾರಿ ಕಾಲಿನಲ್ಲೂ ಉಳಿದರ್ಧ ಪ್ಯಾಂಟಿನ ಹಿಂಭಾಗದಲ್ಲೂ ಇಳಿಯುತ್ತಿದ್ದೆ. "ವಿಜ್ಞಾನಕ್ಕೆ ಪ್ಯಾಂಟೇ ಆಗಬೇಕಾ?" ಎಂದು ಹೆಂಡತಿ ಕೇಳಿದ್ದುಂಟು.

ಐದನೇ ವರ್ಷ ನೋಡುತ್ತೇನೆ, ಗುಡ್ಡದ ನಡುಮೈಯಲ್ಲಿ ಮೊಣಕಾಲಾಳದ ಕೊರಕಲು! ಅದರ ಅಕ್ಕಪಕ್ಕ ಹೂವಿನ ಗಿಡಗಳು ಮಾಯ. ನನಗೆ ಅಳು ಬರುವುದೊಂದು ಬಾಕಿ. ದನ ಮೇಯಿಸುವವರು, ರೀಲ್ಸ್ ಮಾಡುವ ಬೈಕಿನ ಹುಡುಗರು, ಎಲ್ಲರಿಗೂ ಮನಸ್ಸಿನಲ್ಲೇ ಶಾಪ ಹಾಕಿದೆ. ಅಷ್ಟರಲ್ಲಿ ಭದ್ರಾವತಿಯ ಕಾಲೇಜೊಂದು ಉಪನ್ಯಾಸಕ್ಕೆ ಕರೆಯಿತು. "ಗುಡ್ಡ ಕೊರೆದವರು ಯಾರು?" ಎಂದು ವಿಷಯ ಕೊಟ್ಟೆ. ಆಹ್ವಾನಪತ್ರಿಕೆಯೂ ಅಚ್ಚಾಯಿತು.

ಉಪನ್ಯಾಸದ ಹಿಂದಿನ ದಿನ ಭದ್ರಾವತಿಯಲ್ಲಿರುವ ಭಾವಮೈದುನ ನಾಗರಾಜನ ಮನೆಗೆ ಹೋದೆ. ಕಾರ್ಖಾನೆಯಲ್ಲಿ ಎರಕದ ಕಬ್ಬಿಣದ ಬಿರುಕು ಹುಡುಕುವುದರಲ್ಲೇ ಆಯುಷ್ಯ ಕಳೆದವನು. ಐದೂ ಫೋಟೋಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕನ್ನಡಕ ಏರಿಸಿದ.

"ಭಾವ, ತಪ್ಪು ತಿಳ್ಕೋಬೇಡಿ. ನೀವು ಹತ್ತೋದು ಎಲ್ಲಿಂದ?"

"ಈ ಮರದ ಪಕ್ಕದಿಂದ."

"ಇಳಿಯೋದು?"

"ಅಲ್ಲಿಂದ್ಲೇ. ಬೇರೆ ದಾರಿ ಎಲ್ಲಿದೆ ಮಾರಾಯ?"

ನಾಗರಾಜ ಕೊನೆಯ ಫೋಟೋ ಹತ್ತಿರ ಎಳೆದುಕೊಂಡ. ಮರದಿಂದ ಬಂಡೆಯ ಕಡೆಗೆ ಬೆರಳು ಎಳೆದ. ಬೆರಳು ಕೊರಕಲಿನ ಒಳಗೇ ಹೋಯಿತು.

ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಮೊದಲ ಫೋಟೋದಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಒಂದು ಗೆರೆ. ಮೂರನೆಯದರಲ್ಲಿ ಅದು ಅಗಲವಾಗಿದೆ. ಆ ವರ್ಷ ನನ್ನ ಹಳೆಯ ಕಾಲೇಜಿನ ಇಪ್ಪತ್ತು ವಿದ್ಯಾರ್ಥಿಗಳನ್ನು ಕರೆದೊಯ್ದು, ಯಾರೂ ಜಾರಿ ಬೀಳಬಾರದೆಂದು, "ನಾನು ಕಾಲಿಟ್ಟಲ್ಲೇ ಕಾಲಿಡಿ" ಎಂದು ಕಟ್ಟಪ್ಪಣೆ ಮಾಡಿದ್ದೆ. ಆಜ್ಞಾಧಾರಕ ಮಕ್ಕಳು, ಒಬ್ಬರೂ ಹೆಜ್ಜೆ ತಪ್ಪಿಸಲಿಲ್ಲ. ದನ, ಬೈಕು ಯಾವುದರ ಸುಳಿವೂ ಐದು ಫೋಟೋಗಳಲ್ಲಿ ಇಲ್ಲ. ನಾಗರಾಜನ ಹೆಂಡತಿ ತಂದ ಕಾಫಿ ಕೆನೆ ಕಟ್ಟಿತು.

"ನಾಳೆ ಹುಷಾರಿಲ್ಲ ಅಂತ ಹೇಳ್ಬಿಡ್ಲಾ?" ಎಂದೆ.

"ಹೇಳಿ. ಮುಂದಿನ ವರ್ಷ ಮತ್ತೆ ಹತ್ತಿ," ಎಂದ ಅವನು. ಮಾತು ನಾಟಿತು.

ಮರುದಿನ ವೇದಿಕೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಗುಡ್ಡ ಕೊರೆದವನು ನಾನೇ, ಅದು ಚೇತರಿಸಿಕೊಳ್ಳಬೇಕಾದರೆ ಇನ್ನು ಯಾರೂ ಅಲ್ಲಿ ಕಾಲಿಡಬಾರದು ಎಂದೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಷ್ಟು ವರ್ಷದ ಪಾಠಕ್ಕೆ ಅಂಥ ಚಪ್ಪಾಳೆ ನನಗೆ ಬಿದ್ದಿರಲಿಲ್ಲ.

ಪ್ರಾಂಶುಪಾಲರು ಕಣ್ಣೊರೆಸಿಕೊಂಡು ಮೈಕಿಗೆ ಬಂದರು. "ಇಂಥ ಪ್ರಾಮಾಣಿಕರು ಸಿಗೋದು ಅಪರೂಪ. ಮುಂದಿನ ತಿಂಗಳು ಎರಡು ಬಸ್ ಮಾಡ್ಕೊಂಡು, ನಮ್ಮ ಮಕ್ಕಳನ್ನೆಲ್ಲ ಆ ಗುಡ್ಡಕ್ಕೇ ಕರ್ಕೊಂಡು ಹೋಗೋಣ. ಸಾರೇ ಮುಂದೆ ನಿಂತು ತೋರಿಸ್ಬೇಕು."

ನಾನು ಗಾಬರಿಯಿಂದ ಎದ್ದೆ. ಬೇಡವೇ ಬೇಡ ಎನ್ನಬೇಕೆಂದೇ ಎದ್ದದ್ದು. ಅಷ್ಟರಲ್ಲಿ ಮತ್ತೆ ಚಪ್ಪಾಳೆ. ಮೈಕು ಕೈಗೆ ಬಂತು.

"ಬೆಳಿಗ್ಗೆ ಸ್ವಲ್ಪ ಬೇಗ ಹೊರಡಬೇಕಾಗುತ್ತೆ," ಎಂದೆ.