ಕೇಳುವವನ ಬಸ್ ಚಾರ್ಜು

ಕೆಲವರು ಕುರಿ ಕಾಯುತ್ತಾರೆ, ಕೆಲವರು ಕಬ್ಬು ಬೆಳೆಯುತ್ತಾರೆ, ಕೆಲವರು ನೌಕರಿ ಮಾಡುತ್ತಾರೆ. ನನ್ನ ಮೈದುನ ಕೇಳುತ್ತಾನೆ. ಅದೇ ಅವನ ಉದ್ಯೋಗ. ಬೆಳಿಗ್ಗೆ ಎದ್ದು ಹೆಗಲಿಗೆ ಕಂಬಳಿ ಹಾಕಿ, ಬೀಳಗಿಯಲ್ಲಿ ಬಸ್ಸು ಹತ್ತಿ, ಯಾವುದೋ ಕಚೇರಿಗೆ ಹೋಗಿ ಏನನ್ನೋ ಕೇಳಿ ಬರುತ್ತಾನೆ. ಬೇಡುತ್ತಾನೆ ಎಂದು ಮಾತ್ರ ಅನ್ನಬೇಡಿ, ಜಗಳಕ್ಕೆ ಬರುತ್ತಾನೆ. "ಬೇಡಾಂವ ಬಾಗಲ ಹೊರಗ ನಿಂದರತಾನ, ಕೇಳಾಂವ ಒಳಗ ಹೋಗಿ ಬೆಂಚಿನ ಮ್ಯಾಲ ಕುಂದರತಾನ" ಎಂದು ವ್ಯತ್ಯಾಸವನ್ನು ಅವನೇ ನನಗೆ ಹೇಳಿಕೊಟ್ಟಿದ್ದಾನೆ. ಅವನು ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ನಾನು ಮೂರನೇ ಇಯತ್ತೆ. ಇಬ್ಬರಲ್ಲಿ ಪಂಡಿತೆ ನಾನೇ ಆದ್ದರಿಂದ ಇದನ್ನು ಬರೆಯುವ ಪಾಳಿಯೂ ನನ್ನದೇ.

ಅವನು ಮದುವೆಯಾಗಲಿಲ್ಲ. ಯಾಕೆ ಎಂದರೆ ಕಂಬಳಿ ಕೊಡವಿ ಬಸ್ಸಿಗೆ ಹೊರಡುತ್ತಾನೆ. ಊರಿಗೆಲ್ಲ ಸವಾಲು ಹಾಕುವವನಿಗೆ ಆ ಒಂದು ಸವಾಲಿಗೆ ಮಾತ್ರ ಜವಾಬಿಲ್ಲ. ನಾನು ಈ ಮನೆಗೆ ಸೊಸೆಯಾಗಿ, ಇವನಿಗೆ ವೈನಿಯಾಗಿ, ಅಂದರೆ ಅತ್ತಿಗೆಯಾಗಿ ಬಂದಾಗ ಅವನಿಗೆ ಮೂಗು ಒರೆಸಿಕೊಳ್ಳಲೂ ಬರುತ್ತಿರಲಿಲ್ಲ. ಕುರಿಮರಿಗಳನ್ನು ಹೊಡೆದುಕೊಂಡು ಹೊಳೆದಂಡೆಗೆ ಹೋದರೆ ಮನೆಯ ನೆನಪೇ ಇರುತ್ತಿರಲಿಲ್ಲ. "ಹೊತ್ತು ಮುಳುಗೂದ್ರಾಗ ಮನಿಗಿ ಬಾ" ಎಂದು ಅವತ್ತು ಹೇಳಲು ಶುರು ಮಾಡಿದ್ದು, ಅವನ ಅಣ್ಣ ತೀರಿಹೋಗಿ ಇಷ್ಟು ವರ್ಷವಾದರೂ ಹೇಳುತ್ತಲೇ ಇದ್ದೇನೆ.

ಅವನು ಕೇಳುವುದೇನು? ಅದನ್ನೂ ಹೇಳುತ್ತೇನೆ. ನಮ್ಮ ಹಳೆಯ ಊರು ಈಗ ನೀರಿನ ಕೆಳಗಿದೆ. ಅಣೆಕಟ್ಟಿನ ಹಿನ್ನೀರು ಬಂದಾಗ ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದೆವು. ಅದಕ್ಕೆ ಅತ್ತು ಮುಗಿದಿದೆ, ಇಲ್ಲಿ ಮತ್ತೆ ಅಳುವುದಿಲ್ಲ. ಕೇಂದ್ರದ ನಕಾಶೆ ತಂದು ಗೋಡೆಗೆ ಹಚ್ಚಿದರು. ಮನೆ, ಸಾಲಿ, ಗುಡಿ, ದವಾಖಾನೆ, ಸುಡುಗಾಡು, ಎಲ್ಲಕ್ಕೂ ಒಂದೊಂದು ಚೌಕ. ನನ್ನ ಮೈದುನ ಅದರ ಮುಂದೆ ಬಹಳ ಹೊತ್ತು ನಿಂತು, ನಕಾಶೆ ತಂದ ಸಾಹೇಬರನ್ನು ಕೇಳಿದ.

"ಸಾಹೇಬ್ರ, ಇದ್ರಾಗ ಹಾಡೂ ಜಾಗಾ ಯಾವುದ್ರಿ?"

"ಹಾಡಾಕ ಜಾಗಾ ಯಾಕ? ಮನ್ಯಾಗ ಹಾಡ್ರಿ."

"ಎರಡು ಮೇಳ, ಎಂಟು ಡೊಳ್ಳು, ಊರ ಮಂದಿ. ನಿಮ್ಮ ಮನ್ಯಾಗ ಹಿಡಿತಾರೇನ್ರಿ?"

ಅವತ್ತು ಶುರುವಾಯಿತು.

ನಾವು ಬೀರೇಶ್ವರನ ಒಕ್ಕಲು. ಹಳೆಯ ಊರಲ್ಲಿ ಗುಡಿಯ ಮುಂದೆ ದೊಡ್ಡ ಕಟ್ಟೆ ಇತ್ತು. ಆ ಕಡೆ ಒಂದು ಮೇಳ, ಈ ಕಡೆ ಒಂದು ಮೇಳ. ಒಬ್ಬರು ಡೊಳ್ಳು ಬಡಿದು ಹಾಡಿನಲ್ಲಿ ಸವಾಲು ಹಾಕಬೇಕು, ಎದುರಿನವರು ಹಾಡಿನಲ್ಲೇ ಜವಾಬು ಕೊಡಬೇಕು. ನಮ್ಮ ಊರಲ್ಲಿ ಒಂದು ಕಟ್ಟಳೆ ಇತ್ತು: ಸವಾಲು ಹಾಕಿದವನು ಜವಾಬು ಬರುವ ತನಕ ಕೂತ ಜಾಗ ಬಿಟ್ಟು ಏಳುವಂತಿಲ್ಲ. ಎದ್ದರೆ ಅವನೇ ಸೋತಂತೆ. ಎದುರಿನವರು ಜವಾಬು ಕೊಡದೆ ಎದ್ದುಹೋದರೆ ಅವರು ಸೋತಂತೆ. ಕಟ್ಟೆ ಮುಳುಗಿತು, ಕಟ್ಟಳೆ ಮುಳುಗಲಿಲ್ಲ. ಅದನ್ನು ಹೆಗಲಿಗೆ ಹಾಕಿಕೊಂಡು ಇವನು ಕಚೇರಿಗಳಿಗೆ ಹೊರಟ.

ಒಬ್ಬನದೇ ಆಗಿದ್ದರೆ ಹುಚ್ಚು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮುಧೋಳದ ಕಡೆಯ ಮೇಳದವರು, ಜಮಖಂಡಿ ಕಡೆಯವರು, ಚಿಮ್ಮಡದವರು, ಎಲ್ಲರಿಗೂ ಇದೇ ಗೋಳು. ಒಬ್ಬರ ಕಟ್ಟೆ ನೀರಿಗೆ ಹೋಗಿತ್ತು, ಇನ್ನೊಬ್ಬರದು ರಸ್ತೆಗೆ. ಎಲ್ಲರೂ ಲೋಕಾಪುರದ ಒಂದು ಚಹಾದಂಗಡಿಯಲ್ಲಿ ಸೇರಿ ಸಂಘ ಮಾಡಿದರು. ಎಲ್ಲರ ಪರವಾಗಿ ಒಬ್ಬ ಹೋಗಿ ಕೇಳಬೇಕು ಎಂದು ಠರಾವಾಯಿತು. ಯಾರು ಹೋಗಬೇಕು? ಎಲ್ಲರೂ ನನ್ನ ಮೈದುನನ ಕಡೆ ನೋಡಿದರು. ಬಸ್ ಚಾರ್ಜು ಯಾರು ಕೊಡಬೇಕು? ಎಲ್ಲರೂ ಚಹಾದ ಬಸಿಯ ಕಡೆ ನೋಡಿದರು.

ಅವನು ಇಡೀ ದಿನ ಅಲ್ಲಿ ಮಾಡುವುದೇನು ಎಂಬ ಕುತೂಹಲ ನನಗೆ ಬಹಳ ದಿನ ಇತ್ತು. ಹೋಟೆಲಿನಲ್ಲಿ ಕೂತು ಬರುತ್ತಾನೋ, ಇಸ್ಪೀಟು ಆಡುತ್ತಾನೋ? ಒಂದು ದಿನ ನಾನೂ ಬಸ್ಸು ಹತ್ತಿದೆ. ಬಾಗಲಕೋಟೆಯ ಒಂದು ಕಚೇರಿ. ಯಾವುದೆಂದು ಹೇಳುವುದಿಲ್ಲ, ಅವರೂ ಮಕ್ಕಳೊಂದಿಗರು. ಅವನು ಒಳಗೆ ಹೋಗಿ ಗುಮಾಸ್ತರ ಮುಂದೆ ನಿಂತು ಒಂದೇ ಸಲ ಕೇಳಿದ: "ಮೇಳದವರ ಕಟ್ಟಿ ವಿಚಾರ ಎಲ್ಲಿಗಿ ಬಂತ್ರಿ?"

"ನೋಡೂಣು" ಎಂದರು ಅವರು.

ಇವನು ಬೆಂಚಿನ ಮೇಲೆ ಕೂತ. ಚಹಾ ಬಂತು, ಅವರು ಕುಡಿದರು, ಇವನು ಕೂತಿದ್ದ. ಊಟದ ಹೊತ್ತಾಯಿತು, ಇವನು ಕೂತಿದ್ದ. ನಾನು ಬುತ್ತಿ ಬಿಚ್ಚಿ ಕೊಟ್ಟೆ, ಕೂತಲ್ಲೇ ತಿಂದ. ಗುಮಾಸ್ತರಿಗೆ ಬರೆಯಲೂ ಆಗುತ್ತಿಲ್ಲ, ಇವನ ಕಡೆ ನೋಡದಿರಲೂ ಆಗುತ್ತಿಲ್ಲ.

"ಯಜಮಾನ್ರ, ಇನ್ನೂ ಯಾಕ ಕುಂತೀರಿ? ಹೇಳಿದೆನಲ್ಲ ನೋಡೂಣು ಅಂತ."

"ಅದು ಪಲ್ಲವಿ ಆತ್ರಿ. ಮುಂದಿನ ನುಡಿ ಹೇಳ್ರಿ, ಎದ್ದು ಹೋಗ್ತೀನಿ."

ಸಂಜೆ ಗುಮಾಸ್ತರು ಚೀಲ ಹಿಡಿದು ಹೊರಟರು. ಜವಾನ ಬೀಗ ತಂದ. ಆಗ ನನ್ನ ಮೈದುನ ಎದ್ದು, ಕಂಬಳಿ ಕೊಡವಿ, ಸಮಾಧಾನದಿಂದ ಹೇಳಿದ: "ಎದುರಿನ ಮೇಳ ಎದ್ದು ಹೋತು, ವೈನಿ. ಇವತ್ತಿಂದು ನಾವ ಗೆದ್ವಿ." ಹೀಗೆ ಇವನು ವರ್ಷಗಟ್ಟಲೆ ದಿನವೂ ಗೆದ್ದು, ದಿನವೂ ಕತ್ತಲಾದ ಮೇಲೆ ಮನೆಗೆ ಬಂದಿದ್ದಾನೆ.

ಪ್ರಯೋಜನವಾಗಲಿಲ್ಲವೇ ಎಂದರೆ, ಆಯಿತು. ಇವನ ಮುಖ ನೋಡಿ ನೋಡಿ ಬೇಸತ್ತೋ ಏನೋ, ಮೂರು ಕೇಂದ್ರಗಳಲ್ಲಿ ಕಟ್ಟೆ ಕಟ್ಟಿಸಿಕೊಟ್ಟರು. ನಮ್ಮ ಕೇಂದ್ರದಲ್ಲಿ ಇಲ್ಲ. ಯಾಕೆಂದರೆ ಈ ಮಹಾರಾಯ ಕಟ್ಟೆ ಬೇಕಾದ ಊರುಗಳ ಪಟ್ಟಿಯಲ್ಲಿ ನಮ್ಮದನ್ನು ಕೊನೆಗೆ ಬರೆಸಿದ್ದ. "ಕೇಳಾಂವ ತನ್ನದು ಮೊದಲ ಕೇಳಿದ್ರ ಅದು ಬೇಡಿದ್ಹಂಗ ಆಕ್ಕೈತಿ" ಎಂದ. ಊರಿನ ಹಾಡುಗಾರರು ನನ್ನ ಬಾಗಿಲಿಗೆ ಬಂದು ಕೂಗಾಡಿ ಹೋದರು. ನಮ್ಮ ಮೇಳದ ಹಿರಿಯನಂತೂ, "ನನ್ನ ಕೊರಳು ಹೋಗೂದ್ರಾಗ ಒಮ್ಮಿ ಕಟ್ಟಿ ಮ್ಯಾಲ ಕುಂತು ಹಾಡಬೇಕವ್ವಾ" ಎಂದು ಹೇಳಿ ಹೋದ. ಕೂಗಾಡಿದವರ ಮಾತು ಮರೆತೆ, ಅವನ ಮಾತು ಮರೆಯಲಿಲ್ಲ.

ಇನ್ನು ಬಸ್ ಚಾರ್ಜಿನ ಮಾತು. ಡೊಳ್ಳು ಕುಣಿಯಲು ಸರ್ಕಾರದಲ್ಲಿ ದುಡ್ಡಿದೆ, ವೇಷಕ್ಕೆ ಇದೆ, ಪೆಂಡಾಲಿಗೆ ಇದೆ. ಕೇಳಲು ಬರುವವನಿಗೆ ಇಲ್ಲ. ಇವನು ಅದನ್ನೂ ಬಿಡದೆ ಕೇಳಿದನಂತೆ. ಸಾಹೇಬರು ನಕ್ಕು, "ನಮ್ಮನ್ನ ಕಾಡಾಕ ನಿನಗ ನಾವ ಚಾರ್ಜು ಕೊಡಬೇಕೇನು?" ಎಂದರಂತೆ. ಸಾಹೇಬರ ಮಾತು ನನಗೆ ನ್ಯಾಯವೆಂದೇ ಅನಿಸಿತು. ಇವನಿಗೆ ಅನಿಸಲಿಲ್ಲ. "ಕಾಡಾಂವ ಇದ್ರ ಕೆಲಸ ಆಕ್ಕಾವು. ಹಂಗಿದ್ದ ಮ್ಯಾಲ ಕಾಡೂದೂ ಕೆಲಸ ಹೌದೋ ಅಲ್ಲೋ?" ಎಂದು ನನ್ನನ್ನು ಒಂದು ವಾರ ಕಾಡಿದ.

ನಡುವೆ ಒಬ್ಬ ಮುಖಂಡರು ಖರ್ಚು ತಾವೇ ಕೊಡುತ್ತೇವೆಂದು ಬಂದರು. ಒಂದೇ ಮಾತು, ಪ್ರತಿ ಡೊಳ್ಳಿನ ಮೇಲೆ ಅವರ ಫೋಟೊ ಹಚ್ಚಬೇಕು. ನನ್ನ ಮೈದುನ ಡೊಳ್ಳನ್ನು ತಿರುಗಿಸಿ ತಿರುಗಿಸಿ ನೋಡಿದ.

"ಆಗಬಹುದ್ರಿ. ಆದ್ರ ಬಡಿಯೂ ಮುಂದ ಪೆಟ್ಟು ನಿಮ್ಮ ಮಾರಿಗೆ ಬೀಳ್ತೈತ್ರಿ."

ಮುಖಂಡರು ಜೀಪು ಹತ್ತಿದರು, ಫೋಟೊ ಹಚ್ಚುವುದು ತಪ್ಪಿತು, ಚಾರ್ಜೂ ತಪ್ಪಿತು.

ಹಾಗಾದರೆ ಅವನು ಇಷ್ಟು ವರ್ಷ ಹೇಗೆ ತಿರುಗಿದ? ಕಂಬಳಿಯ ಮೇಲೆ ತಿರುಗಿದ. ನಮ್ಮವರು ಕುರಿಯ ಉಣ್ಣೆ ಕತ್ತರಿಸುವಾಗ ಮೇಳಕ್ಕೆಂದು ಮನೆಗೊಂದು ಬೊಗಸೆ ತೆಗೆದಿಡುತ್ತಿದ್ದರು. ಅದು ನಮ್ಮ ಮನೆಗೆ ಬರುತ್ತಿತ್ತು. ಬಿಡಿಸಿ, ಹಿಂಜಿ, ರಾಟಿಯ ಮೇಲೆ ನೂಲು ತೆಗೆಯುವವಳು ನಾನು. ಮಗ್ಗದವನು ನೇಯ್ದು ಹುಣಸೆ ಬೀಜದ ಗಂಜಿ ಹಚ್ಚಿ ಕೊಟ್ಟರೆ, ಇವನು ಜಮಖಂಡಿ ಸಂತೆಯಲ್ಲಿ ಮಾರಿ ಬಸ್ಸು ಹತ್ತುತ್ತಿದ್ದ. ಸಂತೆಗೆ ಹೊರಡುವಾಗ ಪ್ರತಿ ಸಲವೂ ನಾನು ಹೇಳುತ್ತಿದ್ದೆ, ಕಂಬಳಿ ಒಯ್ಯಿ, ಆದರೆ ಹೊತ್ತು ಮುಳುಗುವುದರೊಳಗೆ ಮನೆಗೆ ಬಾ. "ಹೂಂ" ಎನ್ನುತ್ತಿದ್ದ. ಬರುತ್ತಿರಲಿಲ್ಲ. ನಾನು ಬೈಯುತ್ತಿದ್ದೆ. ಅವನು ಆರಿದ ರೊಟ್ಟಿ ಉಣ್ಣುತ್ತಿದ್ದ.

ಬರಬರುತ್ತ ಉಣ್ಣೆ ಕಡಿಮೆಯಾಯಿತು. ಮೇಯಿಸುವ ನೆಲವೇ ನೀರಿನೊಳಗೆ ಹೋದ ಮೇಲೆ ಯಾರು ಹಿಂಡು ಇಟ್ಟುಕೊಳ್ಳುತ್ತಾರೆ? ಒಬ್ಬೊಬ್ಬರೇ ಮಾರಿದರು. ಸಂತೆಯಲ್ಲೂ ಜನ ಬಣ್ಣದ ಚಾದರು ಕೊಳ್ಳತೊಡಗಿದರು. ಒಂದು ದಿನ ಮುಖದ ಮೇಲೆ ಹೇಳಿದೆ: "ಈ ವರ್ಸ ಕಂಬಳಿ ಇಲ್ಲಪ. ಇನ್ನ ಮನ್ಯಾಗ ಕುಂದರು."

ಕೂತ. ಆಗ ನನಗೆ ಕಚೇರಿಯವರ ಕಷ್ಟ ಅರ್ಥವಾಯಿತು.

"ವೈನಿ, ಉಪ್ಪಿನ ಡಬ್ಬಿ ಎಡಕ್ಕ್ಯಾಕ ಇಟ್ಟಿ?"

"ಮೊದಲಿಂದ ಅಲ್ಲೇ ಐತಿ."

"ಅದು ಜವಾಬಲ್ಲ."

ಒಂದು ವಾರದಲ್ಲಿ ನನ್ನ ತಲೆ ಕೆಟ್ಟುಹೋಯಿತು. ದೇವರೇ, ಇವನನ್ನು ಯಾವುದಾದರೂ ಕಚೇರಿಗೆ ಕಳಿಸು ಎಂದು ಬೇಡಿಕೊಂಡೆ. ಆದರೆ ತಮಾಷೆಯೆಲ್ಲ ಅಷ್ಟೇ. ಸಂಜೆ ಅವನು ಪಟ್ಟಿ ಬಿಚ್ಚಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೂಡುತ್ತಿದ್ದ. ಓದಲು ಬರುವುದಿಲ್ಲ, ಆದರೂ ಅದು ನಮ್ಮ ಊರು ಎಂದು ಗೊತ್ತು. ಇವನು ಬಸ್ಸು ಹತ್ತದಿದ್ದರೆ ಆ ಸಾಲು ಹಾಗೇ ಉಳಿಯುತ್ತದೆ ಎಂದೂ ಗೊತ್ತು. ಹಿರಿಯನ ಕೊರಳು ಆಗಲೇ ಒಡೆಯತೊಡಗಿತ್ತು.

ಆಗ ಸಾಲಿಯ ಮಾಸ್ತರರು ಒಂದು ಅರ್ಜಿ ತಂದರು. ದೂರದ ಊರಲ್ಲಿ ಒಂದು ಸಂಸ್ಥೆ ಇದೆಯಂತೆ. ಕಲಾವಿದರ ಪರವಾಗಿ ತಿರುಗಾಡಿ ಕೇಳುವವರಿಗೇ ಅದು ಖರ್ಚು ಕೊಡುತ್ತದಂತೆ. ನನಗೆ ನಂಬಿಕೆ ಬರಲಿಲ್ಲ. ಜಗತ್ತಿನಲ್ಲಿ ನನ್ನ ಮೈದುನನಂಥವರು ಇನ್ನೂ ಇದ್ದಾರೆ, ಅವರಿಗಾಗಿ ಒಂದು ಸಂಸ್ಥೆಯೂ ಇದೆ ಎಂದರೆ ಯಾರು ನಂಬುತ್ತಾರೆ?

ಅವನು ಹೇಳಿದ, ನಾನು ಬರೆದೆ. ನಿಮ್ಮ ಗುರಿ ಏನು? "ಕಟ್ಟಿ." ನಿಮ್ಮಲ್ಲಿ ಕೆಲಸ ಮಾಡುವವರು ಎಷ್ಟು ಜನ? "ನಾ." ಐದು ವರ್ಷಗಳ ನಂತರ ನಿಮ್ಮನ್ನು ಎಲ್ಲಿ ಕಾಣಲು ಬಯಸುತ್ತೀರಿ? "ಕಟ್ಟಿ ಮ್ಯಾಲ."

ಕೊನೆಯ ಹಾಳೆಯಲ್ಲಿ ಹೀಗಿತ್ತು: ಈವರೆಗೆ ಈ ಕೆಲಸಕ್ಕೆ ನೆರವು ನೀಡಿದ ಸಂಸ್ಥೆ ಯಾವುದು, ಅದು ಹಾಕಿದ ಷರತ್ತು ಏನು, ಷರತ್ತು ಪಾಲಿಸಿದ್ದೀರಾ? ನಾನು ಅವನನ್ನು ಕೇಳದೆ "ಯಾರೂ ಇಲ್ಲ" ಎಂದು ಬರೆದುಬಿಟ್ಟೆ.

"ಏನ್ ಬರದಿ?"

"ಯಾರೂ ಇಲ್ಲಂತ."

"ಅಳಸು."

"ಯಾಕ? ಯಾಂವ ಕೊಟ್ಟಾನ ನಿನಗ?"

"ನೀ ಅಳಸು ಅಂದ್ನಿ. ಅದೊಂದು ಹಾಳಿ ಮಾಸ್ತರ ಕಡೆ ಬರಸ್ತೀನಿ."

ಬರೆಸಿದ, ಅಂಚೆಗೆ ಹಾಕಿದ. ಏನು ಬರೆಸಿದೆ ಎಂದರೆ ಹೇಳಲಿಲ್ಲ. ಮಾಸ್ತರರನ್ನು ಕೇಳಿದರೆ ನಕ್ಕು ಹೋದರು. ದೊಡ್ಡವರ ಹೆಸರು ಹಾಕಿದರೆ ದುಡ್ಡು ಬರುತ್ತದೆಂದು ಆ ಮುಖಂಡರ ಹೆಸರು ಬರೆಸಿದನೋ? ಇಷ್ಟು ವರ್ಷ ನೆಟ್ಟಗಿದ್ದವನು ಮುಪ್ಪಿನಲ್ಲಿ ಸುಳ್ಳು ಹೇಳಿದನೋ? ಆ ಹಾಳೆಯಲ್ಲಿ ಏನಿದೆ ಎಂಬ ಚಿಂತೆಯಲ್ಲಿ ಎರಡು ಸಲ ಸಾರಿಗೆ ಉಪ್ಪು ಹಾಕಿದೆ.

ಆಮೇಲೆ ಒಂದು ಮಧ್ಯಾಹ್ನ, ಮನೆಯ ಮುಂದೆ ಒಂದು ಜೀಪು ನಿಂತಿತು. ಒಬ್ಬ ಹೆಣ್ಣುಮಗಳು, ಒಬ್ಬ ಗಂಡಸು, ಕೈಯಲ್ಲಿ ನಮ್ಮ ಅರ್ಜಿಯ ಕಾಗದ. ನಾನು ಪಡಸಾಲೆಯಲ್ಲಿ ಉಳಿದ ಚೂರುಪಾರು ಉಣ್ಣೆ ನೂಲುತ್ತಿದ್ದೆ. ಇವನು ಯಾರದೋ ಹತ್ತಿರ ಚಾರ್ಜು ಇಸಿದುಕೊಂಡು ಅದೇ ಬಾಗಲಕೋಟೆಯ ಕಚೇರಿಗೆ ಹೋಗಿದ್ದ.

"ಅಜ್ಜಿ, ಅರ್ಜಿಯಲ್ಲಿ ಬರೆದ ಸಂಸ್ಥೆಯನ್ನು ನೋಡಬೇಕಿತ್ತು" ಎಂದಳು ಆ ಹೆಣ್ಣುಮಗಳು.

"ಇಲ್ಲಿ ಯಾವ ಸಂಸ್ಥೆನೂ ಇಲ್ಲವ್ವಾ. ಅಂವ ಏನ್ ಬರಸ್ಯಾನ, ಓದು."

ಅವಳು ಓದಿದಳು. ಮಾಸ್ತರರು ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದರು.

"ನೆರವು ನೀಡಿದ ಸಂಸ್ಥೆ: ನಮ್ಮ ವೈನಿ. ಷರತ್ತು: ಹೊತ್ತು ಮುಳುಗೂದ್ರಾಗ ಮನಿಗಿ ಬರಬೇಕು. ಪಾಲಿಸಿದ್ದೀರಾ: ಇಲ್ಲ, ಒಮ್ಮಿನೂ ಇಲ್ಲ. ನಾ ಬರೂ ತನಕ ಸಂಸ್ಥೆ ಉಣ್ಣದ ಕುಂತಿರ್ತೈತಿ."

ನಾನು ಉಣ್ಣದೆ ಕೂತಿರುತ್ತಿದ್ದೆ ಎಂದು ಅವನಿಗೆ ಯಾರು ಹೇಳಿದರು? ನಾನಂತೂ ಹೇಳಿರಲಿಲ್ಲ. ಉಂಡಿದ್ದೇನೆ ಎಂದೇ ಪ್ರತಿ ದಿನ ಹೇಳಿದ್ದೆ.

"ಸಂಸ್ಥೆ ಅಂದರೆ ನೀವೇ ಏನ್ರಿ?"

"ಹೌದವ್ವಾ. ಕುಂದರ್ರಿ, ಚಾ ಮಾಡ್ತೀನಿ" ಎಂದು ಒಳಗೆ ಹೋದೆ. ಸಕ್ಕರೆ ಡಬ್ಬಿ ಕಾಣಲಿಲ್ಲ. ಕಣ್ಣ ಮುಂದೆಯೇ ಇತ್ತು.

ದುಡ್ಡು ಕೊಟ್ಟರೇ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಕೊಟ್ಟರು. ಇವನು ಮತ್ತೆ ತಿರುಗಿದ, ನಮ್ಮ ಕಟ್ಟೆಯೂ ಆಯಿತು. ಹಿರಿಯ ಒಡಕು ಕೊರಳಿನಲ್ಲೇ ಅದರ ಮೇಲೆ ಕೂತು ಹಾಡಿದ. ಉಳಿದ ದಿನ ಮೆಣಸಿನಕಾಯಿ ಒಣಗಿಸಲು ಬಹಳ ಅನುಕೂಲ.

ಆ ದಿನದ ಒಂದು ಮಾತು ಉಳಿದಿದೆ. ಚಹಾ ಕುಡಿದು ಆ ಹೆಣ್ಣುಮಗಳು ತನ್ನ ಮೊಬೈಲಿನಿಂದ ನಾನು ಹೇಳಿದ ಬಾಗಲಕೋಟೆಯ ಕಚೇರಿಗೆ ಫೋನು ಹಚ್ಚಿ, ಬೆಂಚಿನ ಮೇಲೆ ಕೂತವರನ್ನು ಕರೆಯಿರಿ ಎಂದಳು. "ನಿಮ್ಮ ಸಂಸ್ಥೆಯವರ ಮನೆಯಲ್ಲಿ ಕೂತಿದ್ದೇವೆ, ಅರ್ಜಿ ಅವರಿಗೆ ಓದಿ ಹೇಳಿದ್ದೇವೆ" ಎಂದು ಇವನಿಗೆ ತಿಳಿಸಿದಳು. ನಾಳೆ ಮತ್ತೆ ಬರುವುದಾಗಿ ಹೇಳಿ ಜೀಪು ಹತ್ತಿ ಹೋದರು. ನಾನು ರಾಟಿಯ ಮುಂದೆ ಕೂತೆ.

ಬಾಗಲಕೋಟೆಯಿಂದ ಬಸ್ಸು ಬರುವಷ್ಟು ಹೊತ್ತಿನಲ್ಲಿ ಅವನು ಬಂದ. ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಹೊಸಿಲಲ್ಲಿ ನಿಂತ, ನನ್ನ ಮುಖ ನೋಡಲಿಲ್ಲ.

"ಜವಾಬು ಬಂತೇನು?" ಎಂದೆ.

"ಇಲ್ಲ."

"ಮತ್ತ ಎದ್ದು ಬಂದಿ?"

"ಬಂದ್ನಿ."

ಅಷ್ಟು ವರ್ಷಗಳಲ್ಲಿ ಅವನು ಸೋತದ್ದು ಅವತ್ತೊಂದೇ ದಿನ. ಕೈಕಾಲು ತೊಳೆದು ಒಲೆಯ ಹತ್ತಿರ ಬಂದು ಕೂತ. ಬಿಸಿ ರೊಟ್ಟಿ ಹಾಕೋಣವೆಂದರೆ ನಾನಿನ್ನೂ ಹಿಟ್ಟೇ ಕಲಸಿರಲಿಲ್ಲ. ಅವನು ಅಷ್ಟು ಬೇಗ ಬರುತ್ತಾನೆಂದು ಯಾರಿಗೆ ಗೊತ್ತಿತ್ತು?